ಓಬಕ್ಕನ ಕೆಂಪಿಗೆ ಜ್ವರ ಬಂದ ವರ್ಷ

ಬಡವನಹಳ್ಳಿಯ ಸಂತೆಗೆ ಹುಣಸೆಹಣ್ಣು ಸಾಗಿಸಿ ಬದುಕುತ್ತಿದ್ದ ಓಬಕ್ಕನಿಗೆ ಮಕ್ಕಳಿರಲಿಲ್ಲ, ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಇದ್ದದ್ದು ಮೂಟೆ ಹೊರುವ ಕೆಂಪಿ ಎಂಬ ತಟ್ಟುಗುದುರೆ ಒಂದೇ. ತಾನು ಮುದ್ದೆ ಮುರಿಯುವ ಮೊದಲು ಕೆಂಪಿಯ ಮುಂದೆ ನೆನೆಸಿದ ಹುರುಳಿ ಇಡುತ್ತಿದ್ದಳು. ನಮ್ಮಣ್ಣನಿಗೂ ನೀನು ಇಷ್ಟು ಉಪಚಾರ ಮಾಡಲಿಲ್ಲ ಎಂದು ಮೈದುನ ತಿಪ್ಪಯ್ಯ ಆಡಿಕೊಂಡರೆ, ಹೌದಪ್ಪ, ಮಾಡಲಿಲ್ಲ ಎಂದು ಒಪ್ಪಿಕೊಂಡುಬಿಡುತ್ತಿದ್ದಳು. ಅಂಥವಳ ಬಾಯಿ ಮುಚ್ಚಿಸುವುದು ಹೇಗೆ?

ಮಹಾರಾಜರ ಆಳ್ವಿಕೆಯ ಕಾಲ ಅದು. ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಕೆಂಪಿ ಸೊರಗತೊಡಗಿತು. ಹುರುಳಿ ತಿನ್ನುತ್ತದೆ, ಮೈಗೆ ಹತ್ತುವುದಿಲ್ಲ. ಐದಾರು ದಿನಕ್ಕೊಮ್ಮೆ ಮೈ ಕೆಂಡವಾಗುತ್ತದೆ, ಕಾಲು ಊದಿಕೊಳ್ಳುತ್ತವೆ, ತಲೆ ತಗ್ಗಿಸಿ ನಿಂತಲ್ಲೇ ನಿಂತುಬಿಡುತ್ತದೆ. ಎರಡು ದಿನ ಕಳೆದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೆಜ್ಜೆ ಹಾಕುತ್ತದೆ. ಓಬಕ್ಕ ಅದನ್ನು ಮೂರು ಹರಿದಾರಿ ನಡೆಸಿಕೊಂಡು ಮಧುಗಿರಿಯ ದನದ ಆಸ್ಪತ್ರೆಗೆ ಹೋದಳು.

ಅಲ್ಲಿನ ಡಾಕ್ಟರು ನಂದೀಶ್ವರಯ್ಯ ಕೆಂಪಿಯ ಕಿವಿಯಂಚಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಇದು ಸರ್ರಾ ಎಂದು ಅವರಿಗೆ ಅನುಮಾನ. ಕಚ್ಚುವ ನೊಣಗಳು ಹರಡುವ ರೋಗ. ಬರಿಗಣ್ಣಿಗೆ ಕಾಣದ ಹುಳಗಳು ರಕ್ತದಲ್ಲಿ ಈಜಾಡುತ್ತಿರುತ್ತವೆ. ಆದರೆ ಗಾಜಿನಲ್ಲಿ ಒಂದು ಹುಳವೂ ಸಿಗಲಿಲ್ಲ. ಬೆಂಗಳೂರಿನಿಂದ ತರಿಸಿದ್ದ ಜರ್ಮನಿಯ ಔಷಧಿ ಒಂದೇ ಶೀಶೆ ಉಳಿದಿತ್ತು. ಹುಳ ಕಾಣದೆ ಅದನ್ನು ಒಡೆಯುವಂತಿರಲಿಲ್ಲ.

ಮೂರು ಸಲ ಹೋದಳು, ಮೂರು ಸಲವೂ ಇದೇ ಕಥೆ. ನಂದೀಶ್ವರಯ್ಯ ಒಳ್ಳೆಯವರೇ, ಆದರೆ ಓದಿದವರಿಗೆ ಇರುವ ಒಂದು ಕುರುಡುತನ ಅವರಿಗೂ ಇತ್ತು: ಬಾಗಿಲಿಗೆ ಬಂದ ಪ್ರಾಣಿಯನ್ನಷ್ಟೇ ನೋಡುತ್ತಿದ್ದರು, ಅದು ಬಂದ ದಾರಿಯನ್ನು ನೋಡುತ್ತಿರಲಿಲ್ಲ. ಈ ರೋಗದ ಬಗ್ಗೆ ಎರಡು ವರ್ಷದಿಂದ ದಪ್ಪ ನೋಟ್‌ಬುಕ್ಕಿನಲ್ಲಿ ಬರೆಯುತ್ತಲೇ ಇದ್ದರು. ರಕ್ತದಲ್ಲಿ ಏನೂ ಕಾಣದ ನಾಲ್ಕು ಕುದುರೆಗಳು ಆಮೇಲೆ ಸತ್ತದ್ದು ಏಕೆಂದು ತಿಳಿಯದೆ ಒದ್ದಾಡುತ್ತಿದ್ದರು. ಮೂರನೆಯ ಸಲ ತಾಳ್ಮೆಗೆಟ್ಟು, ಜ್ವರ ಜ್ವರ ಅನ್ನುತ್ತೀಯಲ್ಲ, ಮೈ ತಣ್ಣಗಿದೆಯಲ್ಲ ಎಂದು ಗದರಿದರು.

“ಜ್ವರ ಬಂದ ದಿನ ಅದು ಒಂದು ಹೆಜ್ಜೆ ಇಕ್ಕಲ್ಲ ಸ್ವಾಮಿ. ನಡೆಯೋ ದಿನ ತಾನೆ ನಡೆಸ್ಕಂಡು ಬರಾದು?” ಎಂದಳು ಓಬಕ್ಕ.

ಡಾಕ್ಟರು ಪೆನ್ನು ಕೆಳಗಿಟ್ಟರು. ಆ ನಾಲ್ಕೂ ಕುದುರೆಗಳು ಹಳ್ಳಿಗಳಿಂದ ತಮ್ಮ ಒಳ್ಳೆಯ ದಿನದಲ್ಲೇ ನಡೆದು ಬಂದಿದ್ದವು. ಹುಳ ರಕ್ತದಲ್ಲಿ ತುಂಬಿಕೊಳ್ಳುವುದು ಜ್ವರ ಏರಿದಾಗ. ಇಳಿದ ಮೇಲೆ ಹುಡುಕಿದರೆ ಎಲ್ಲಿ ಸಿಕ್ಕೀತು? ಕುದುರೆ ಬರಲಾಗದಿದ್ದರೆ ರಕ್ತವೇ ಬರಲಿ ಎಂದು ಅವರು ಓಬಕ್ಕನ ಕೈಗೆ ಸೂಜಿ, ಗಾಜಿನ ಪಟ್ಟಿ ಕೊಟ್ಟರು. ಹನಿಯನ್ನು ಸವರುವುದು, ನೆರಳಲ್ಲಿ ಒಣಗಿಸುವುದು, ನೊಣ ನೆಕ್ಕದಂತೆ ಕಾಗದದಲ್ಲಿ ಸುತ್ತುವುದು, ಎಲ್ಲ ಹೇಳಿಕೊಟ್ಟರು. ಕೆಂಪಿಗೆ ಸುಮ್ಮನೆ ನೋವೇಕೆಂದು ಅವಳು ತನ್ನ ಬೆರಳನ್ನೇ ಚುಚ್ಚಿಕೊಂಡು ಕಲಿತಳು.

ನಾಲ್ಕನೆಯ ದಿನ ಕೆಂಪಿಯ ಕಿವಿ ಸುಡುತ್ತಿತ್ತು. ಓಬಕ್ಕ ರಕ್ತ ಸವರಿದ ಗಾಜನ್ನು ಸೆರಗಿಗೆ ಕಟ್ಟಿಕೊಂಡು ಹೊರಟಳು. ದಾರಿಯಲ್ಲಿ ಎದುರಾದ ತಿಪ್ಪಯ್ಯ ತಾನು ಕೇಳಿಬಂದ ಸುದ್ದಿ ಹೇಳಿದ: ಗೌಡಗೆರೆಯ ಕಡೆ ಇದೇ ರೋಗವೆಂದು ಖಚಿತವಾದ ಕುದುರೆಗೆ ಔಷಧಿ ಸಿಗದೆ, ಉಳಿದವಕ್ಕೆ ಹರಡದಿರಲೆಂದು ಗುಂಡಿಟ್ಟು ಕೊಂದರಂತೆ. ಓಬಕ್ಕ ಅಲ್ಲೇ ನಿಂತಳು. ಆ ಒಂದು ಶೀಶೆ ಈ ನಾಲ್ಕು ದಿನದಲ್ಲಿ ಬೇರೆ ಕುದುರೆಗೆ ಖರ್ಚಾಗಿದ್ದರೆ? ಗಾಜನ್ನು ಕಲ್ಲಿಗೆ ಕುಕ್ಕಿ ವಾಪಸಾದರೆ ಕೆಂಪಿ ಇನ್ನೊಂದು ತಿಂಗಳಾದರೂ ಕೊಟ್ಟಿಗೆಯಲ್ಲಿರುತ್ತದೆ. ಮರದ ಬುಡದಲ್ಲಿ ಕೂತು ಮನಸಾರೆ ಅತ್ತಳು. ಆದರೆ ಅದು ದಿನದಿನಕ್ಕೂ ಸಾಯುವುದನ್ನು ನೋಡುತ್ತ ಕೂರುವಷ್ಟು ಗಟ್ಟಿ ಎದೆ ಅವಳದಲ್ಲ. ಕಣ್ಣೊರೆಸಿಕೊಂಡು ಮಧುಗಿರಿಯತ್ತಲೇ ನಡೆದಳು.

ಗಾಜಿನ ತುಂಬ ಹುಳ. ನಂದೀಶ್ವರಯ್ಯ ಅವಳಿಗೂ ತೋರಿಸಿದರು: ದುಂಡನೆಯ ಕಣಗಳ ನಡುವೆ ಸುರುಟಿಕೊಂಡ ನೇರಳೆ ಬಣ್ಣದ ಎಳೆಗಳು. ಅವಳು ಅದರ ಮೇಲೆ ಹೆಚ್ಚು ಹೊತ್ತು ಕಣ್ಣಿಡಲಿಲ್ಲ.

“ಔಷ್ದಿ ಐತಾ ಸ್ವಾಮಿ, ಇಲ್ಲ ಗುಂಡು ಹೊಡೀತೀರಾ?”

ಶೀಶೆಯನ್ನು ಅವರು ಯಾರಿಗೂ ಕೊಟ್ಟಿರಲಿಲ್ಲ. ಮರುದಿನ ಬೆಳಿಗ್ಗೆ ತಾವೇ ಗಾಡಿ ಕಟ್ಟಿಸಿಕೊಂಡು ಬಂದು ಕೆಂಪಿಯ ಕತ್ತಿನ ನರಕ್ಕೆ ಸೂಜಿ ಹಾಕಿದರು. ಜ್ವರ ಮರುಕಳಿಸಿದರೆ ತಮ್ಮ ಕೈಯಲ್ಲಿ ಇನ್ನೇನೂ ಇಲ್ಲವೆಂದು ಮುಚ್ಚುಮರೆಯಿಲ್ಲದೆ ಹೇಳಿ ಹೋದರು.

ಜ್ವರ ಬರಬೇಕಾದ ದಿನ ಓಬಕ್ಕ ಬೆಳಗಿನಿಂದಲೇ ಕೆಂಪಿಯ ಕಿವಿ ಹಿಡಿದು ಕೂತಳು. ಮಧ್ಯಾಹ್ನ ಕಿವಿ ಬಿಸಿಯೆನಿಸಿತು. ನೋಡಿದರೆ ಬಿಸಿಲು ಅಲ್ಲಿಗೆ ಸರಿದಿತ್ತು. ನೆರಳಿಗೆ ಕರೆದುಕೊಂಡು, ಕೈಯನ್ನು ನೀರಿನಲ್ಲಿ ಅದ್ದಿ, ಒರೆಸಿ, ಮತ್ತೆ ಮುಟ್ಟಿದಳು. ತಣ್ಣಗಿತ್ತು. ಮರುದಿನವೂ ತಣ್ಣಗಿತ್ತು, ಮುಂದಿನ ವಾರವೂ. ತಿಂಗಳೊಪ್ಪತ್ತು ಅವಳು ಒಯ್ದುಕೊಟ್ಟ ಗಾಜುಗಳಲ್ಲಿ ಒಂದು ಹುಳವೂ ಇರಲಿಲ್ಲ. ಇನ್ನು ಮೂಟೆ ಹೇರಬಹುದು ಎಂದರು ಡಾಕ್ಟರು.

ಮುಂದಿನ ಸಂತೆಯ ದಿನ ಬಡವನಹಳ್ಳಿಯ ದಾರಿಯಲ್ಲಿ ಜನ ನಿಂತು ನೋಡಿದರು. ಹುಣಸೆಹಣ್ಣಿನ ಮೂಟೆ ಓಬಕ್ಕನ ತಲೆಯ ಮೇಲಿತ್ತು. ಬರಿಬೆನ್ನಿನ ಕೆಂಪಿ ಪಕ್ಕದಲ್ಲಿ ಹುಲ್ಲು ಕಿತ್ತು ತಿನ್ನುತ್ತ ಬರುತ್ತಿತ್ತು. ಮೂಟೆ ನೀನೇ ಹೊರುವುದಾದರೆ ಅದನ್ನು ಇಟ್ಟುಕೊಂಡಿರುವುದಾದರೂ ಏತಕ್ಕೆ ಎಂದು ತಿಪ್ಪಯ್ಯ ನಕ್ಕ.

“ಇರಲಿ ಅಂತ ಕಣ್ಲಾ,” ಎಂದಳು ಓಬಕ್ಕ.