ತಿಳಿನೀರಿನ ಜಾಗ ತೋರಿಸಿದವರು

ಬೆಳಗಿನ ಐದೂವರೆ. ಸಮುದ್ರ ಹಿಂದೆ ಸರಿದು ಕರಿ ಬಂಡೆಗಳ ಬೆನ್ನು ಒಂದೊಂದಾಗಿ ಮೇಲೇಳುತ್ತಿದೆ. ಇಪ್ಪತ್ತಾರು ಮೆಟ್ಟಿಲಿನ ಕಬ್ಬಿಣದ ಏಣಿ ಇಳಿದು, ಸೊಂಟಮಟ್ಟದ ನೀರಿನಲ್ಲಿ ಐವತ್ತೆಂಟರ ಸಣಕಲು ಮನುಷ್ಯರೊಬ್ಬರು ನಿಂತಿದ್ದಾರೆ. ಸೊಂಟಕ್ಕೆ ಹಗ್ಗ, ಕೈಯಲ್ಲಿ ಮೊಂಡು ಉಳಿ. ಎದುರಿಗೆ ದಪ್ಪ ಕೊಳವೆಯ ಬಾಯಿ, ಅದಕ್ಕೆ ಉಕ್ಕಿನ ಜರಡಿ, ಜರಡಿಯ ತುಂಬ ಕಚ್ಚಿಕೊಂಡ ಕಪ್ಪೆಚಿಪ್ಪು. ಪಂಪು ನಿಂತಿರುವ ನಲವತ್ತು ನಿಮಿಷದೊಳಗೆ ಅಷ್ಟನ್ನೂ ಕೆರೆದು ತೆಗೆಯಬೇಕು. ದೊಡ್ಡ ಅಲೆ ಬಂದಾಗ ಉಸಿರು ಬಿಗಿಹಿಡಿದು ಏಣಿಗೆ ಅಂಟಿಕೊಳ್ಳುತ್ತಾರೆ. ಅಲೆ ಹೋದ ಮೇಲೆ ಮತ್ತೆ ಉಳಿ.

ಮೇಲೆ, ತಂತಿಬೇಲಿಯ ಒಳಗೆ, ಕಡಲ ವಿಜ್ಞಾನ ಪಾರ್ಕು ಇನ್ನೂ ನಿದ್ದೆಯಲ್ಲಿದೆ. ಹನ್ನೊಂದು ಕಂಪನಿಗಳು ಅಲ್ಲಿ ಸಂಶೋಧನೆ ನಡೆಸುತ್ತವೆ. ಒಬ್ಬರು ಪಾಚಿಯಿಂದ ಔಷಧ ತೆಗೆಯುತ್ತಾರೆ, ಇನ್ನೊಬ್ಬರು ಸಿಗಡಿ ಮರಿ ಸಾಕುತ್ತಾರೆ. ಎಲ್ಲರ ತೊಟ್ಟಿಗೂ ಇದೇ ಕೊಳವೆಯ ನೀರು, ದಿನಕ್ಕೆ ನಾಲ್ಕು ಲಕ್ಷ ಲೀಟರು. ಹಾಗಾಗಿ ಕೆಳಗಿರುವವರಿಗೆ ಪಾರ್ಕಿನವರು ಇಟ್ಟ ಹೆಸರು ನೀರಣ್ಣ. “ಹಡಗಿಗೆ ಚಿಪ್ಪು ಅಂಟದ ಬಣ್ಣ ಕಂಡುಹಿಡಿಯೋಕೆ ಎಂಟು ಜನ ಮೇಲೆ ಕೂತಿದ್ದಾರೆ,” ಎಂದು ನಗುತ್ತಾರೆ ನೀರಣ್ಣ. “ಅವರು ಕಂಡುಹಿಡಿಯೋವರೆಗೂ ನನ್ನ ಉಳಿಗೆ ಕೆಲಸ ತಪ್ಪಲ್ಲ ಬಿಡಿ.”

ಇಳಿತದ ಹೊತ್ತು ದಿನಕ್ಕೆ ಮುಕ್ಕಾಲು ಗಂಟೆಯಷ್ಟು ಮುಂದಕ್ಕೆ ಸರಿಯುತ್ತದೆ, ಅವರ ಕೆಲಸವೂ ಅದರ ಹಿಂದೆಯೇ. ಕಚೇರಿಯ ಹಾಜರಿ ಯಂತ್ರದ ತಲೆಗೆ ಇದು ಹೋಗುವುದಿಲ್ಲ. ಅದರ ಪ್ರಕಾರ ನೀರಣ್ಣ ತಿಂಗಳಲ್ಲಿ ಹದಿನೈದು ದಿನ ತಡವಾಗಿ ಬರುವ ಸೋಮಾರಿ. ಒಂಬತ್ತು ವರ್ಷದಲ್ಲಿ ಅವರು ಹಾಕಿದ ರಜೆ ಮೂರೇ ದಿನ. ಹೋದ ಮಳೆಗಾಲದಲ್ಲಿ ನದಿಯ ಕೆಸರು ಬರುವುದನ್ನು ನೀರು ಮುಕ್ಕಳಿಸಿಯೇ ಗುರುತಿಸಿ, ಯಾರನ್ನೂ ಕೇಳದೆ ಪಂಪು ನಿಲ್ಲಿಸಿದ್ದರಿಂದ ಸಿಗಡಿ ಮರಿಗಳೆಲ್ಲ ಬದುಕಿದವು. ಕೇಳದೆ ನಿಲ್ಲಿಸಿದ್ದಕ್ಕೆ ಮೊದಲು ಬೈಗುಳ ಸಿಕ್ಕಿತು, ಎರಡು ದಿನ ಬಿಟ್ಟು ಒಂದು ಕೈಗಡಿಯಾರ ಸಿಕ್ಕಿತು.

ಪಾರ್ಕಿನ ಸ್ವಾಗತ ಕೋಣೆಯಲ್ಲಿ ಗಾಜಿನೊಳಗೊಂದು ನಕ್ಷೆಯಿದೆ. ಕೊಳವೆಯ ಬಾಯಿ ಇರುವಲ್ಲಿ ಕೆಂಪು ಚುಕ್ಕೆ. ಎರಡು ವರ್ಷಗಳ ವೈಜ್ಞಾನಿಕ ಅಧ್ಯಯನದ ನಂತರ ಆಯ್ದ ಸ್ಥಳ ಎಂದು ಕೆಳಗೆ ಬರೆದಿದೆ. ಬರೆದದ್ದು ಸುಳ್ಳಲ್ಲ. ಆ ಎರಡು ವರ್ಷದಲ್ಲಿ ಒಂದು ಬೆಳಗ್ಗೆ ಮಾತ್ರ ನೀರಣ್ಣನದು.

ಆಗ ಅವರು ದೋಣಿ ರಿಪೇರಿಯ ಬಡಗಿ. ಎಂಜಿನಿಯರುಗಳು ಒಂಬತ್ತು ಕಡೆ ನೀರು ತೆಗೆದು ನೋಡಿ, ಎಲ್ಲ ಕಡೆಯೂ ಕಲಕು ಎಂದು ಚಹಾದ ಅಂಗಡಿಯಲ್ಲಿ ತಲೆ ಮೇಲೆ ಕೈಹೊತ್ತು ಕೂತಿದ್ದರು. “ಅಷ್ಟು ಓದಿದೋರು ನನ್ನ ಮಾತಿಗೆ ಕಿವಿಗೊಟ್ರು. ಎದೆ ಇಷ್ಟಗಲ ಆಯ್ತು,” ಎಂದು ಕೈ ಚಾಚಿ ತೋರಿಸುತ್ತಾರೆ. “ಬನ್ನಿ ಸಾರ್, ತಳದ ಮರಳು ಎಣಿಸೋ ಅಂಥ ನೀರು ತೋರಿಸ್ತೀನಿ ಅಂದ್ಬಿಟ್ಟೆ.”

ಆ ಜಾಗ ಅವರ ಅಕ್ಕನದು. ನಾಲ್ಕು ವರ್ಷಕ್ಕೇ ತಾಯಿಯನ್ನು ಕಳೆದುಕೊಂಡ ತಮ್ಮನನ್ನು, ಹದಿನಾಲ್ಕರ ಅಕ್ಕ ಅದೇ ಬಂಡೆಯ ಚಿಪ್ಪು ಕಿತ್ತು, ಸಾರಿಗೆಂದು ಮಾರಿ ಬೆಳೆಸಿದ್ದರು. ಓಣಿಯ ಆರು ಹೆಂಗಸರಿಗೆ ಮಾತ್ರ ಗೊತ್ತಿದ್ದ ಜಾಗ. ಗಂಡಂದಿರಿಗೂ ಹೇಳುತ್ತಿರಲಿಲ್ಲ. ದೊಡ್ಡ ಚಿಪ್ಪನ್ನಷ್ಟೇ ಕೀಳುವುದು, ಸಣ್ಣದನ್ನು ಬಿಡುವುದು, ಮರಳುವಾಗ ಆರು ಜನವೂ ಆರು ದಾರಿ ಹಿಡಿಯುವುದು. ಚಿಕ್ಕಂದಿನಲ್ಲಿ ಮನೆಯಲ್ಲಿ ಒಬ್ಬನೇ ಅಳುತ್ತಾನೆಂದು ಅಕ್ಕ ಜೊತೆಗೆ ಕರೆದೊಯ್ಯುತ್ತಿದ್ದುದರಿಂದ ತಮ್ಮನಿಗೆ ಅದು ಗೊತ್ತಿತ್ತು.

ತಮ್ಮ ತೋರಿಸಿದಲ್ಲೇ ಕೊಳವೆ ಇಳಿಯಿತು, ನೀರು ಕಲಕಬಾರದೆಂದು ಬೇಲಿ ಬಂತು. ಒಂದು ಬೆಳಗ್ಗೆ ಆರು ಜನವೂ ಖಾಲಿ ಬುಟ್ಟಿ ಹಿಡಿದು ಬೇಲಿಯೆದುರು ನಿಂತರು. “ಯಾರು ತೋರಿಸಿದ್ದು ಅಂತ ಅಕ್ಕ ಕೇಳ್ಲೇ ಇಲ್ಲ,” ಎನ್ನುತ್ತಾರೆ ನೀರಣ್ಣ. “ನನ್ನ ಮುಖ ನೋಡಿದ್ಲು. ಮನೆಗೆ ಹೋದ್ಲು. ಬೈದಿದ್ರೆ ಚೆನ್ನಾಗಿತ್ತು.”

ಈಗ ದಿನಕ್ಕೆ ಹನ್ನೆರಡು ಕಿಲೋ ಚಿಪ್ಪು ಕೆರೆದು ತೆಗೆಯುತ್ತಾರೆ. ಪಾರ್ಕಿನ ನಿಯಮದಂತೆ ಅದು ಕಸ. ತೂಕ ಮಾಡಿ, ಸುಣ್ಣ ಹಾಕಿ ಗುಂಡಿಗೆ ಸುರಿಯಬೇಕು. ಒಮ್ಮೆ ಮನಸ್ಸು ತಡೆಯದೆ, ಒಂದು ಚೀಲ ದಪ್ಪ ಚಿಪ್ಪು ಆರಿಸಿ ಅಕ್ಕನ ಬಾಗಿಲಿಗೆ ಒಯ್ದರು. “ಕಸಕ್ಕೆ ಹಾಕೋದನ್ನ ನಂಗೆ ತಂದ್ಯಾ?” ಎಂದಷ್ಟೇ ಕೇಳಿ ಅಕ್ಕ ಒಳಗೆ ಹೋದರು.

ಅರವತ್ತೆಂಟರ ಅಕ್ಕ ಇರುವುದು ಪಕ್ಕದ ಮನೆಯಲ್ಲೇ, ನಡುವೆ ಒಂದೇ ಗೋಡೆ. ತಮ್ಮನ ಮಾತೆತ್ತಿದರೆ ಕೈಕೆಲಸ ನಿಲ್ಲಿಸುವುದಿಲ್ಲ. “ಅವನು ಕೆಟ್ಟೋನಲ್ಲ, ನಂಗೊತ್ತಿಲ್ವಾ? ಎತ್ತಿ ಆಡಿಸಿದೋಳು ನಾನು. ಆದ್ರೆ ಹೇಳಿದ ಬಾಯಿ ಅವಂದೇ ಅಲ್ವಾ?” ಅಂಗಳದಲ್ಲಿ ಕವುಚಿಟ್ಟ ಬುಟ್ಟಿಯಿಂದ ನೀರು ಇನ್ನೂ ತೊಟ್ಟಿಕ್ಕುತ್ತಿದೆ. ಹೆಂಗಸರು ಬೇರೆಲ್ಲೋ ಹೊಸ ಜಾಗ ಹುಡುಕಿಕೊಂಡಿದ್ದಾರೆ.

ಎಲ್ಲಿ ಎಂಬುದು ನೀರಣ್ಣನಿಗೆ ಗೊತ್ತಿಲ್ಲ. “ಮಾತು ಬಿಟ್ಟಿಲ್ಲ ಅವಳು. ಊಟ ಆಯ್ತೇನೋ ಅಂತ ದಿನಾ ಕೇಳ್ತಾಳೆ. ಎಲ್ಲಿಗೆ ಹೋಗಿದ್ದೆ ಅಕ್ಕಾ ಅಂದ್ರೆ ಮಾತ್ರ, ‘ಇಲ್ಲೇ’ ಅಂತಾಳೆ.” ಒಂಬತ್ತು ವರ್ಷದ ಆ ‘ಇಲ್ಲೇ’ ಅವರನ್ನು ಒಳಗೊಳಗೇ ತಿನ್ನುತ್ತಿದೆ.

ಪಾರ್ಕು ದೊಡ್ಡದಾಗುತ್ತಿದೆ. ಇನ್ನೂ ಎಂಟು ಕಂಪನಿ ಬರಲಿವೆ, ಎರಡನೇ ಕೊಳವೆ ಬೇಕು. ಕಳೆದ ವಾರ ವ್ಯವಸ್ಥಾಪಕರು ನೀರಣ್ಣನನ್ನು ಕುರ್ಚಿ ಕೊಟ್ಟು ಕೂರಿಸಿ, ಅಂಥದೇ ಇನ್ನೊಂದು ತಿಳಿನೀರು ಎಲ್ಲಿದೆ ಎಂದು ಕೇಳಿದರು. ಈ ಸಲ ನಿಮ್ಮ ಹೆಸರನ್ನೂ ನಕ್ಷೆಯಲ್ಲಿ ಹಾಕಿಸುತ್ತೇವೆ ಎಂದರು. “ಗೊತ್ತಿಲ್ಲ ಸಾರ್ ಅಂದೆ. ದೇವರಾಣೆ ನಿಜ. ಗೊತ್ತಿಲ್ದೆ ಇರೋದು ಎಷ್ಟು ಸುಖ ಅಂತ ಅವತ್ತು ಅನ್ನಿಸ್ತು.” “ಹೊರಗೆ ಬಂದ್ಮೇಲೆ ಅಳು ಬಂತು,” ಎನ್ನುತ್ತಾರೆ.

ಜರಡಿ ಸ್ವಚ್ಛವಾಗಿದೆ. ಏಣಿ ಹತ್ತಿ ಬಂದು ಪಂಪಿನ ಗುಂಡಿ ಒತ್ತುತ್ತಾರೆ. ಕೊಳವೆ ಗೊರಗೊರ ಎಂದು ನೀರೆಳೆದುಕೊಳ್ಳುತ್ತದೆ. ಇನ್ನೇನು ಆಸೆ ಎಂದು ಕೇಳಿದರೆ, ಒದ್ದೆ ಅಂಗಿ ಹಿಂಡುತ್ತ ಬೇಲಿಯಾಚೆ ನೋಡುತ್ತಾರೆ.

“ಅಕ್ಕ ಒಂದ್ಸಲ ‘ಬಾರೋ’ ಅಂತ ಜೊತೆಗೆ ಕರೀಬೇಕು, ಚಿಕ್ಕವನಿದ್ದಾಗ ಕರೀತಿದ್ದಳಲ್ಲ, ಹಾಗೆ. ಕಣ್ಣಿಗೆ ಬಟ್ಟೆ ಕಟ್ಟಿ ಕರ್ಕೊಂಡು ಹೋಗ್ಲಿ, ಬೇಕಾದ್ರೆ.”