ಆಯುಧಪೂಜೆಯ ದಿನದ ರೆಕಾರ್ಡಿಂಗ್

ನಮ್ಮ ಬ್ಯಾಂಡು ರೆಕಾರ್ಡ್ ಮಾಡಿದ ಹಾಡು ಒಟ್ಟು ಏಳು. ಆರರಲ್ಲಿ ಲಾರಿಯ ಹಾರ್ನ್ ಇದೆ. ಏಳನೆಯದರಲ್ಲಿ ಹಾರ್ನ್ ಇಲ್ಲ, ಆದರೆ ಗಿಟಾರೂ ಇಲ್ಲ, ಡ್ರಮ್ಮೂ ಇಲ್ಲ. ಅದನ್ನು ಕೇಳಿ 'ಇದೆಂಥಾ ಬ್ಲೂಸ್ ರಾಕ್ ರೀ' ಎಂದು ನಗುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ನಗುವ ಮೊದಲು ಅದು ಆದದ್ದು ಹೇಗೆ ಎಂದು ಕೇಳಬೇಕೋ ಬೇಡವೋ?

ಗಣಿಯ ಭರಾಟೆಯ ಕಾಲ ಅದು. ಸಂಡೂರಿನಿಂದ ಅದಿರು ತುಂಬಿಕೊಂಡ ಲಾರಿಗಳು ಹೊಸಪೇಟೆಯ ನಮ್ಮ ಮನೆಯ ಮುಂದೆಯೇ ಹಾಯುತ್ತಿದ್ದವು. ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕಾವಿಯಾಗಿರುತ್ತಿತ್ತು. ನಾನು ಅದಿರಿನ ಮಾದರಿ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ, ಗಿಟಾರ್ ಬಾರಿಸುತ್ತಿದ್ದೆ. ನಮ್ಮ ಡ್ರಮ್ಮರ್ ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್ಟಿನವನು. ಹಾಡುವವನು ನನ್ನ ಒಂದನೇ ಕ್ಲಾಸಿನ ದೋಸ್ತ, ಅದೇ ಅದಿರು ಲಾರಿಯ ಡ್ರೈವರ್. ಹಂಪಿಗೆ ಬಂದ ಪರದೇಶದ ಪ್ರವಾಸಿಯೊಬ್ಬ, ಪಂಕ್ಚರ್ ಆದ ತನ್ನ ಬೈಕನ್ನು ಇವನು ಲಾರಿಯಲ್ಲಿ ಹೇರಿಕೊಂಡು ಬಂದದ್ದಕ್ಕೆ, ಇವನಿಗೆ ಒಂದು ಮೌತ್ ಆರ್ಗನ್ನೂ ಒಂದು ಬ್ಲೂಸ್ ಕ್ಯಾಸೆಟ್ಟೂ ಕೊಟ್ಟು ಹೋಗಿದ್ದ. ಅಲ್ಲಿಂದ ಮೂವರಿಗೂ ಹತ್ತಿದ ಹುಚ್ಚು ಇದು.

ಧೂಳು ಕುಡಿದು ಕುಡಿದು ದೋಸ್ತನ ದನಿ ಒಡೆದುಹೋಗಿತ್ತು. ಭಜನೆ ಮಂಡಳಿಯವರು ಅವನನ್ನು ಹಿಂದಿನ ಸಾಲಿಗೆ ತಳ್ಳಿದ್ದರು. ಬ್ಲೂಸಿಗೆ ಮಾತ್ರ ಅದು ಹೇಳಿ ಮಾಡಿಸಿದ ದನಿ. ಮೊದಲ ಸಾಲನ್ನು ಎರಡು ಸಲ ಹಾಡಬೇಕು, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡಬೇಕು, ಅಷ್ಟೇ ಅದರ ಗುಟ್ಟು. ಅವನು ಕಟ್ಟಿದ್ದರಲ್ಲಿ ನನಗೆ ಭಾಳ ಹಿಡಿಸಿದ್ದು ಇದು:

ಘಾಟ್ ಇಳಿವಾಗ ಬ್ರೇಕು ಹಿಡೀವಲ್ದು,
ಘಾಟ್ ಇಳಿವಾಗ ಬ್ರೇಕು ಹಿಡೀವಲ್ದು,
ಮನಿ ನೆನಪಾದ್ರ ಕಾಲು ತಾನ ಒತ್ತತೈತಿ.

ಅಡುಗೆಮನೆಯಿಂದ ಕೇಳುತ್ತಿದ್ದ ನಮ್ಮವ್ವ ಒಮ್ಮೆ ಅಂದಳು, "ಇದರಾಗ ಹೊಸಾದೇನೈತೋ? ನಾವು ಬೀಸೋ ಪದ ಹಿಂಗಾ ಹಾಡ್ತಿದ್ವಿ. ಒಬ್ಬಾಕಿ ಒಂದು ಸಾಲು ಅಂದ್ಲು, ಕಲ್ಲಿನ ಆಕಡೆ ಕುಂತಾಕಿ ಅದನ್ನ ತಿರುಗಿ ಅಂದ್ಲು."

ನಾವು ನಕ್ಕುಬಿಟ್ಟೆವು. ನಮಗೆ ಆಗ ಎಲ್ಲ ಗೊತ್ತಿತ್ತಲ್ಲ.

ಹಾಡು ಕಟ್ಟುವುದು ಸುಲಭ, ಹಿಡಿದಿಡುವುದು ಕಷ್ಟ. ಹಳೆಯದೊಂದು ಟೇಪ್ ಯಂತ್ರ ಕೊಂಡಿದ್ದೆ. ಒಳಮನೆಯ ಕಿಟಕಿ ಬಾಗಿಲಿಗೆಲ್ಲ ಅವ್ವನ ಕೌದಿಗಳನ್ನು ಕಟ್ಟಿದೆವು. ಕೌದಿಗೆ ಹೆದರುವ ಜಾತಿಯೇ ಲಾರಿ? ಕಂಪ್ಲಿಯಲ್ಲಿ ನಮ್ಮ ಮಾವನ ಅಕ್ಕಿ ಗಿರಣಿಗೆ ಹೋದೆವು. ಕರೆಂಟ್ ಹೋದರೆ ಗಿರಣಿ ನಿಲ್ಲುತ್ತಿತ್ತು, ಆದರೆ ಅದರ ಜೊತೆಗೆ ನಮ್ಮ ಟೇಪೂ ನಿಲ್ಲುತ್ತಿತ್ತು. ಸಂಡೂರಿನಲ್ಲಿ ದೋಸ್ತನ ಅಕ್ಕನ ಮನೆಯಲ್ಲಿ ಮೂರನೇ ಸಾಲಿಗೆ ಬರುವಷ್ಟರಲ್ಲಿ ಗುಡ್ಡದ ಕಡೆಯಿಂದ ಗಣಿಯ ಮದ್ದು ಢಮ್ ಎನ್ನುತ್ತಿತ್ತು. ಕೊನೆಗೆ ನಮ್ಮ ಮನೆಗೇ ವಾಪಸ್ ಬಂದು ಹಿಡಿದ ಆರು ಹಾಡೂ ಹಾರ್ನಿನಿಂದ ಕೆಟ್ಟವು. ಘಾಟಿನ ಹಾಡೊಂದು ಉಳಿದಿತ್ತು.

ಅಷ್ಟರಲ್ಲಿ ದೋಸ್ತನ ಗಂಟಲಿನ ಸುದ್ದಿ ಬಂತು. ಒಳಗೆ ಗಂಟೊಂದು ಬೆಳೆದಿದೆ, ಆಪರೇಷನ್ ಆಗಲೇಬೇಕು, ಜೀವಕ್ಕೆ ಏನಾಗುವುದಿಲ್ಲ, ದನಿಯ ಬಗ್ಗೆ ಮಾತ್ರ ಮಾತು ಕೊಡಲಾರೆ ಎಂದಿದ್ದರು ಡಾಕ್ಟರು. ದಸರೆಯ ಬನ್ನಿಹಬ್ಬದ ದಿನ ಬೆಳಿಗ್ಗೆಯೇ ಅವನು ಹುಬ್ಬಳ್ಳಿಗೆ ಹೊರಡಬೇಕಿತ್ತು.

"ಒಂದಾ ಹಾಡು ಚೊಲೋ ಹಿಡಿಯೋಣಲೇ," ಅಂದ. "ನನ್ನ ಮಗಳಿಗೆ ಇನ್ನಾ ಮಾತು ಬಂದಿಲ್ಲ. ಅಪ್ಪನ ದನಿ ಹೆಂಗಿತ್ತಂತ ಆಕಿಗೆ ಗೊತ್ತಾಗಬೇಕು."

ನಾನು ಅವತ್ತು ನಿದ್ದೆಗೆಟ್ಟು ಯೋಚಿಸಿ ಉಪಾಯ ಹುಡುಕಿದೆ. ಬನ್ನಿಯ ಹಿಂದಿನ ದಿನ ಆಯುಧಪೂಜೆ. ಅವತ್ತು ಲಾರಿಗಳನ್ನೆಲ್ಲ ಕಾಲುವೆಯಲ್ಲಿ ತೊಳೆದು, ಬಾಳೆಗಿಡ ಕಟ್ಟಿ, ಚಕ್ರದಡಿ ನಿಂಬೆಹಣ್ಣು ತುಳಿಸಿ ನಿಲ್ಲಿಸಿಬಿಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಊರಿಗೆ ಊರೇ ಗಪ್. ವರ್ಷಕ್ಕೊಂದೇ ದಿನ ಅಂಥಾದ್ದು. ನನ್ನ ಬುದ್ಧಿಗೆ ನಾನೇ ಭೇಷ್ ಅಂದುಕೊಂಡೆ.

ಆ ಮಧ್ಯಾಹ್ನ ಡ್ರಮ್ಮರ್ ಕೈ ಬೀಸಿಕೊಂಡು ಬಂದ.

"ಡ್ರಮ್ ಎಲ್ಲಿ?"

"ಪೂಜಿಗಿಟ್ಟೀನಿ. ಇವತ್ತ ಹೆಂಗ ಮುಟ್ಲಿ?"

ಬೆಳಿಗ್ಗೆ ಅವ್ವ, "ನಿನ್ನ ಸಾಮಾನೆಲ್ಲ ಕೊಡಪಾ" ಅಂದಾಗ ಹಲ್ಲುಜ್ಜುತ್ತಲೇ ಹೂಂ ಅಂದಿದ್ದೆ. ಓಡಿಹೋಗಿ ನೋಡಿದರೆ ದೇವರ ಜಗಲಿಯ ಮೇಲೆ ಕುಡಗೋಲು, ಈಳಿಗೆಮಣೆಗಳ ಪಕ್ಕದಲ್ಲಿ ನನ್ನ ಗಿಟಾರು, ಅವನ ಮೌತ್ ಆರ್ಗನ್ನು, ಮೈಕು, ಟೇಪು, ಎಲ್ಲ ವಿಭೂತಿ ಬಳಿದುಕೊಂಡು, ಚೆಂಡುಹೂ ಮುಡಿದು ಕುಂತಿದ್ದವು. ಲಾರಿಗೆ ರಜೆ ಎಂದು ಹಿಗ್ಗಿದ ಜಾಣನಿಗೆ ಗಿಟಾರಿಗೂ ರಜೆ ಎಂಬುದು ಹೊಳೆದಿರಲಿಲ್ಲ. ಹೊರಗೆ ಎಂದೂ ಇಲ್ಲದ ನಿಶ್ಶಬ್ದ. ನನಗೆ ಅಳು ಬಂತು.

"ನಾಳೆ ಬಾರಿಸ್ರಿ," ಅಂದಳು ಅವ್ವ. "ವರ್ಷೆಲ್ಲಾ ದುಡದಾವು. ಒಂದಿನ ಕುಂದರ್ಲಿ."

ಆಪರೇಷನ್ನಿನ ವಿಷಯ ನಾವು ಅವಳಿಗೆ ಹೇಳಿರಲಿಲ್ಲ. ಆಗ ದೋಸ್ತ ತಾನೇ ಹೇಳಿದ. ನಾಳೆ ತಾನು ಇಲ್ಲಿರುವುದಿಲ್ಲ, ಆಮೇಲೆ ಈ ದನಿ ಇರುತ್ತದೋ ಇಲ್ಲವೋ ಎಂದ. ಮಗಳ ವಿಷಯವನ್ನೂ ಹೇಳಿದ. ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಜಗಲಿಯನ್ನೇ ನೋಡುತ್ತ ನಿಂತಳು.

"ಟೇಪು ಏನು ಮಾಡ್ತೈತಿ?" ಎಂದು ನನ್ನನ್ನು ಕೇಳಿದಳು.

"ಕೇಳ್ತೈತವ್ವ. ಕೇಳಿ ಇಟ್ಕೊಂತೈತಿ."

"ಕೇಳಾಕ ರಜಾ ಇಲ್ಲ ತಗಿ. ಅದರ ಜಾಗ ಕದಲಿಸಬ್ಯಾಡ್ರಿ. ಉಳಿದಾವನ್ನ ಮುಟ್ಟಬ್ಯಾಡ್ರಿ."

ಹೂ ಮುಡಿದ ಮೈಕಿನ ಮುಂದೆ ಮೂವರೂ ನೆಲದ ಮೇಲೆ ಕೂತೆವು. ನಾನು ತೋರಿಸಿದ ಗುಂಡಿಯನ್ನು ಅವ್ವನೇ ಒತ್ತಿದಳು. ಡ್ರಮ್ಮರ್ ತೊಡೆ ತಟ್ಟತೊಡಗಿದ, ನಾನು ಚಪ್ಪಾಳೆಯ ತಾಳ ಹಿಡಿದೆ. ದೋಸ್ತ ಕಣ್ಣು ಮುಚ್ಚಿ ಮೊದಲ ಸಾಲು ಹಾಡಿದ. ಎರಡನೇ ಸಲ ಅದೇ ಸಾಲಿಗೆ ಅವನು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಅವ್ವ ಎತ್ತಿಕೊಂಡುಬಿಟ್ಟಳು. ಬೀಸುಕಲ್ಲಿನ ಆಕಡೆ ಕುಂತವಳ ಹಾಗೆ, ಅದೇ ಮಾತನ್ನು ತನ್ನ ಧಾಟಿಯಲ್ಲಿ ತಿರುಗಿ ಅಂದಳು. ಅವನು ಕಣ್ಣು ತೆರೆದು ಅವಳನ್ನು ನೋಡಿ ಮೂರನೆಯ ಸಾಲು ಹಾಡಿದ. ಹಾಡು ಮುಗಿಯುವವರೆಗೂ ಒಂದೇ ಒಂದು ಹಾರ್ನ್ ಕೇಳಲಿಲ್ಲ. ಟೇಪಿನಲ್ಲಿ ಅವ್ವನ ಬಳೆಯ ಸದ್ದಿದೆ, ಕೊನೆಗೆ ಡ್ರಮ್ಮರ್ ಬಿಕ್ಕಿದ್ದೂ ಇದೆ. ಅವನಿಗೆ ಕೇಳಿದರೆ ಅದು ನೆಗಡಿ ಅನ್ನುತ್ತಾನೆ.

ಆಪರೇಷನ್ ಆಯಿತು. ಜೀವ ಉಳಿಯಿತು. ದನಿ ಹೋಯಿತು, ಪಿಸುಮಾತು ಉಳಿಯಿತು. ಸಿಟ್ಟು ಬಂದಾಗ ಅವನು ಲಾರಿಯ ಹಾರ್ನ್ ಒತ್ತಿ ಬೈಯುತ್ತಿದ್ದ. ಮಗಳು ಆ ಕ್ಯಾಸೆಟ್ ಕೇಳುತ್ತಲೇ ಮಾತು ಕಲಿತಳು. ಅಪ್ಪನ ಪಿಸುಮಾತು ಅರ್ಥವಾಗದಿದ್ದರೆ, "ಟೇಪಿನ ದನಿಲೆ ಹೇಳಪ್ಪ" ಎಂದು ಹಟ ಹಿಡಿಯುತ್ತಿದ್ದಳು. ಅವನು ನಗುತ್ತಿದ್ದ.

ಮರುವರ್ಷದ ಆಯುಧಪೂಜೆಗೆ ಅವನು ಲಾರಿ ತೊಳೆದು ನಿಲ್ಲಿಸಿ ನಮ್ಮ ಮನೆಗೆ ಊಟಕ್ಕೆ ಬಂದ. ಅವ್ವ ಗಿಟಾರಿಗೆ, ಟೇಪಿಗೆ ವಿಭೂತಿ ಹಚ್ಚುತ್ತಿದ್ದಳು. ಹಚ್ಚಿದವಳೇ ಅವನ ಕಡೆ ತಿರುಗಿ, ಬೆರಳಲ್ಲಿ ಉಳಿದದ್ದರಿಂದ ಅವನ ಗಂಟಲಿನ ಗಾಯದ ಗುರುತಿನ ಮೇಲೆ ಮೂರು ಗೆರೆ ಎಳೆದಳು.

"ದೊಡ್ಡವ್ವ, ಇದು ಕೆಲಸಾ ಬಿಟ್ಟು ವರ್ಷಾತು," ಎಂದು ಅವನು ಪಿಸುಗುಟ್ಟಿದ.

"ಇರ್ಲಿ ತಮ್ಮಾ," ಅಂದಳು ಅವ್ವ. "ಇವತ್ತ ಎಲ್ಲಾಕೂ ರಜಾ."