ಬಾಯ್ಲರಿನ ಮೇಲೆ ಭಾವನ ಅಂಗೈ

ಹೋದ ವಾರ ಭಾವನ ಜೊತೆ ಕಾರಿನಲ್ಲಿ ಬರುತ್ತಿದ್ದೆ. ಪೆಟ್ರೋಲ್ ಹಾಕಿಸಲು ನಿಲ್ಲಿಸಿದೆವು. ಪಂಪಿನ ಹುಡುಗನಿಗೆ ಕಾರ್ಡ್ ಕೊಡಲು ಭಾವ ಕಿಟಕಿ ಇಳಿಸಿದರು. ಚಳಿಯ ಜೊತೆಗೆ ಪಕ್ಕದ ಲಾರಿಗೆ ತುಂಬುತ್ತಿದ್ದ ಡೀಸೆಲ್‌ನ ವಾಸನೆಯೂ ಒಳಗೆ ಬಂತು. ನಿಮಗೆ ಅದು ಬರೀ ಡೀಸೆಲ್. ನನಗೆ ಮಾತ್ರ ಇಷ್ಟು ವರ್ಷವಾದ ಮೇಲೂ ಯಾರೋ ಹಿಂದಿನಿಂದ ಬಂದು ಹೆಗಲು ಹಿಡಿದ ಹಾಗಾಗುತ್ತದೆ. ಭಾವ ಸ್ಟಿಯರಿಂಗ್ ಮೇಲೆ ಬೆರಳಾಡಿಸುತ್ತಾ ಕೂತಿದ್ದರು. ಇವರಿಗೂ ಆ ದಿನ ನೆನಪಾಯಿತೇ ಎಂದು ಓರೆಗಣ್ಣಿನಲ್ಲಿ ನೋಡಿದೆ. ಅನುಮಾನ ನನ್ನ ಹಳೆಯ ಚಾಳಿ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಅಕ್ಕ ಪಿಸ್ಕಾಟವೇಯಲ್ಲಿ ಟೆಲಿಫೋನ್ ಕಂಪನಿಯೊಂದರ ಇಂಜಿನಿಯರ್. ಭಾವ ಯೂನಿವರ್ಸಿಟಿಯ ಲ್ಯಾಬಿನಲ್ಲಿ. ನಾನು ಎಂಟನೇ ಕ್ಲಾಸಿನಲ್ಲಿ ಎರಡು ಸಲ ಕೂತು, ಇನ್ನು ಸಾಕು ಎಂದು ಮೇಷ್ಟರೂ ನಾನೂ ಒಮ್ಮತಕ್ಕೆ ಬಂದವನು. ಅಂಥವನನ್ನು ಅಕ್ಕ ಸ್ಪಾನ್ಸರ್ ಮಾಡಿ ಊರಿನಿಂದ ಈ ದೇಶಕ್ಕೆ ಕರೆಸಿಕೊಂಡಳು. ಒಂದು ಬೇಕರಿಯಲ್ಲಿ ರಾತ್ರಿ ಪಾಳಿಯ ಕೆಲಸ ಸಿಕ್ಕಿತು. ಮನೆಯ ಬೇಸ್‌ಮೆಂಟಿನಲ್ಲಿ ನನ್ನ ಮಂಚ. ತೆಳುವಾದ ಗೋಡೆಯ ಆಚೆಗೆ ಮನೆಯನ್ನೆಲ್ಲ ಬೆಚ್ಚಗಿಡುವ ಬಾಯ್ಲರ್, ಅದರ ಪಕ್ಕದಲ್ಲಿ ಎಣ್ಣೆಯ ದೊಡ್ಡ ಟ್ಯಾಂಕು. ಬಾಯ್ಲರ್ ಹೊತ್ತಿಕೊಂಡಾಗ ಗುಂಯ್ ಎನ್ನುವುದು, ಆರಿದಾಗ ನಿಟ್ಟುಸಿರು ಬಿಡುವುದು ನನಗೆ ಬಾಯಿಪಾಠವಾಗಿತ್ತು.

ಬೇಸ್‌ಮೆಂಟಿಗೆ ಹಾಕಿದ್ದಾರೆ ಎನ್ನುವುದರಿಂದಲೇ ನನ್ನ ಅನುಮಾನ ಶುರುವಾಯಿತು. ಅಡುಗೆಮನೆಗೆ ನಾನು ಬಂದರೆ ಅಕ್ಕ ಭಾವನ ಮಾತು ಇಂಗ್ಲಿಷಿಗೆ ತಿರುಗುತ್ತಿತ್ತು, ಅಥವಾ ನನಗೆ ಹಾಗೆ ಕೇಳಿಸುತ್ತಿತ್ತು. ಸೋದರಮಾವನಾದ ನಾನು ಹಗಲೆಲ್ಲ ಮನೆಯಲ್ಲೇ ಇದ್ದರೂ ತಮ್ಮ ಮಗುವನ್ನು ಬಿಡುತ್ತಿದ್ದದ್ದು ಪಕ್ಕದ ಬೀದಿಯ ಗುಜರಾತಿ ಆಂಟಿಯ ಹತ್ತಿರ. ಎಲ್ಲಕ್ಕಿಂತ ದೊಡ್ಡ ಸಾಕ್ಷಿ ನಡುಮನೆಯ ಗೋಡೆಯ ಮೇಲಿದ್ದ, ಮನೆಯ ಬಿಸಿ ಏರಿಸಿ ಇಳಿಸುವ ಥರ್ಮೋಸ್ಟಾಟ್. ಭಾವ ಆ ಕಡೆ ಹಾದುಹೋದಾಗಲೆಲ್ಲ ಅವರ ಬೆರಳು ಅದನ್ನು ಮುಟ್ಟುತ್ತಿತ್ತು. ಸ್ವಲ್ಪ ಹೊತ್ತಿಗೆ ಕೆಳಗೆ ನನ್ನ ಕಾಲು ತಣ್ಣಗಾಗುತ್ತಿತ್ತು. ಬಾಯಿಬಿಟ್ಟು ಹೋಗು ಎನ್ನಲಾರದೆ ಚಳಿಯ ಕೈಯಲ್ಲಿ ಹೇಳಿಸುತ್ತಿದ್ದಾರೆ ಎಂದುಕೊಂಡೆ. ನೀವಾಗಿದ್ದರೆ ಬೆರಳು ಯಾಕೆ ಅಲ್ಲಿಗೆ ಹೋಯಿತು ಎಂದು ಕೇಳಿಬಿಡುತ್ತಿದ್ದಿರಿ. ನಾನು ಎಷ್ಟು ಸಲ ಹೋಯಿತು ಎಂದು ಎಣಿಸುತ್ತಿದ್ದೆ.

ಹಿಮ ಬಿದ್ದ ಒಂದು ಬೆಳಗ್ಗೆ, ಹಿಂದಿನ ರಾತ್ರಿ ನನಗೆ ರಜೆ. ಅವರು ಮಗುವನ್ನು ಎತ್ತಿಕೊಂಡು ಹೊರಟರು. ಕಾರಿನ ಸದ್ದು ಅಡಗುವ ಹೊತ್ತಿಗೆ ಗೋಡೆಯ ಆಚೆ ಬಾಯ್ಲರ್ ಕೆಮ್ಮಿತು, ಟಕ್ ಎಂದಿತು, ಇನ್ನೊಮ್ಮೆ ಕೆಮ್ಮಿ ನಿಂತುಬಿಟ್ಟಿತು. ಸರಿ, ಹೋಗುವಾಗ ಆಫ್ ಮಾಡಿಯೇ ಹೋದರು ಎಂದುಕೊಂಡೆ. ಅಕ್ಕನ ಆಫೀಸಿನ ನಂಬರು ಫೋನಿನ ಪಕ್ಕದಲ್ಲೇ ಅಂಟಿಸಿತ್ತು. ಮಾಡಲಿಲ್ಲ. ಎದ್ದು ಗೋಡೆಯ ಆಚೆ ಬಗ್ಗಿ ನೋಡಲೂ ಇಲ್ಲ. ಎರಡು ಸ್ವೆಟರ್, ಮಂಕಿಕ್ಯಾಪು ಹಾಕಿಕೊಂಡು ರಜಾಯಿ ಹೊದ್ದು ಕೂತೆ. ಅನುಮಾನ ನಿಜವಾದಾಗ ಒಂದು ಸುಖವಿದೆ, ಹೇಳಿಕೊಳ್ಳಲು ನಾಚಿಕೆಯಾಗುವಂಥ ಸುಖ. ಹಲ್ಲು ಕಟಕಟ ಎನ್ನುತ್ತಿದ್ದರೂ ಅದರಲ್ಲೇ ದಿನ ಕಳೆದೆ.

ಸಂಜೆ ಬಾಗಿಲು ತೆಗೆದ ಅಕ್ಕ ಕೂಗಿದಳು. "ಏನೋ ಇದು, ಮನೆ ಫ್ರಿಜ್ ಆಗಿದೆ! ಹೀಟ್ ಯಾವಾಗ ನಿಂತಿತು?"

ಅವಳ ದನಿಯಲ್ಲಿ ನಾಟಕವಿರಲಿಲ್ಲ. ಮಗುವಿನ ಮೂಗು ಆಗಲೇ ಕೆಂಪಾಗಿತ್ತು. ನನ್ನ ನಾಲಿಗೆ ತಾನಾಗಿ ಹೊರಳಿತು. "ಈಗಷ್ಟೇ ಅಕ್ಕ."

ಭಾವ ಕೆಳಗಿಳಿದರು. ನಾನೂ ಹಿಂದೆ ಹೋದೆ. ಟ್ಯಾಂಕಿನ ಮೇಲಿನ ಗಾಜಿನೊಳಗೆ ಎಣ್ಣೆಯ ಮಟ್ಟ ತೋರಿಸುವ ಕೆಂಪು ಬಿಲ್ಲೆ ತಳ ಕಚ್ಚಿತ್ತು. ಭಾವ ಕೈಗವಸು ತೆಗೆದು ಬಾಯ್ಲರಿನ ಮೇಲೆ ಅಂಗೈ ಇಟ್ಟರು. ಈಗಷ್ಟೇ ಆರಿದ್ದರೆ ಇನ್ನೂ ಬಿಸಿ ಇರಬೇಕಿದ್ದ ಅಷ್ಟು ದೊಡ್ಡ ಕಬ್ಬಿಣ, ಹಿಮದ ಹಾಗೆ ತಣ್ಣಗಿತ್ತು. ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಮೆಟ್ಟಿಲ ಕಡೆ ತಿರುಗಿ, "ಎಣ್ಣೆ ಮುಗಿದಿದೆ ಕಣೇ. ಹಳೇ ಮನೆ, ಬೇಗ ತಣ್ಣಗಾಗುತ್ತೆ" ಎಂದರು.

ಮೇಲಿಂದ ಅಕ್ಕ, "ನಂದೇ ತಪ್ಪು! ಆಯಿಲ್ ಕಂಪನಿಗೆ ಮೊನ್ನೆನೇ ಫೋನ್ ಮಾಡ್ಬೇಕಿತ್ತು. ನನ್ನ ತಲೆ ಎಲ್ಲಿತ್ತೋ" ಎಂದಳು.

ಕಂಪನಿಯವನು ಲಾರಿ ನಾಳೆಯೇ ಎಂದ. ಅಲ್ಲಿಯವರೆಗೆ ಏನು ಮಾಡಬೇಕೆಂದು ಫೋನಿನಲ್ಲೇ ಹೇಳಿಕೊಟ್ಟ. ನಾವು ಆ ಎಣ್ಣೆಯ ಬದಲಿಗೆ ಕ್ಯಾನಿನಲ್ಲಿ ಡೀಸೆಲ್ ತಂದು, ಟ್ಯಾಂಕಿಗಿಳಿಯುವ ಹೊರಗೋಡೆಯ ಕೊಳವೆಗೆ ಸುರಿದೆವು. ಅರ್ಧ ನನ್ನ ಕೈಗವಸಿಗೇ ಹೋಯಿತು. ತಳದ ಕೊಳೆ ಕೂರಲಿ ಎಂದು ಸ್ವಲ್ಪ ಕಾದೆವು. ಟ್ಯಾಂಕಿನಿಂದ ಬಾಯ್ಲರಿಗೆ ಬರುವ ಕೊಳವೆಯೊಳಗೆ ಗಾಳಿ ಸೇರಿಕೊಂಡಿದ್ದರೆ ಎಣ್ಣೆ ಎಷ್ಟಿದ್ದರೂ ಬಾಯ್ಲರ್ ಹೊತ್ತುವುದಿಲ್ಲ. ಬಾಯ್ಲರಿನ ಪಂಪಿನ ಪಕ್ಕದ ಸಣ್ಣ ತಿರುಪನ್ನು ನಾನು ಸಡಿಲಿಸಿ, ಕೆಳಗೆ ಕಾಫಿ ಡಬ್ಬಿ ಹಿಡಿದೆ. ಭಾವ ಬಾಯ್ಲರ್ ಚಾಲೂ ಮಾಡುವ ಕೆಂಪು ಗುಂಡಿ ಒತ್ತಿದರು. ಮೊದಲು ಬರೀ ಬುಸ್ ಎಂದಿತು. ಆಮೇಲೆ ನೊರೆ ಉಗುಳಿತು, ಮತ್ತೆ ನಿಂತಿತು.

"ಇನ್ನೊಂದು ಸಲ ಒತ್ತಲಾ ಭಾವ?"

"ಸುಮ್ನಿರಯ್ಯಾ. ಸುಮ್ಸುಮ್ನೆ ಒತ್ತಿದ್ರೆ ಎಣ್ಣೆ ಒಳಗೆ ತುಂಬ್ಕೊಂಡು ಒಟ್ಟಿಗೆ ಹೊತ್ಕೊಳುತ್ತಂತೆ. ಆಮೇಲೆ ಮನೆಯೆಲ್ಲಾ ಬೆಚ್ಚಗಾಗುತ್ತೆ!"

ಕಾದು ಮತ್ತೆ ಒತ್ತಿದರು. ನೊರೆ ಕಡಿಮೆಯಾಗಿ, ಎಣ್ಣೆ ಒಂದೇ ಧಾರೆಯಾಗಿ ಬಂತು. ತಿರುಪು ಬಿಗಿದೆ. ಗುಂಯ್!

ಮಗುವಿಗೆ ವಾರವೆಲ್ಲ ಕೆಮ್ಮು. ಅದು ಕೆಮ್ಮಿದಾಗಲೆಲ್ಲ ಅಕ್ಕ ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಬೆಳಗ್ಗೆಯೇ ನಾನು ಫೋನ್ ಮಾಡಿದ್ದರೆ ಸಂಜೆಯೊಳಗೆ ಲಾರಿ ಬಂದಿರುತ್ತಿತ್ತು. ನಾನು ಶುಂಠಿ ಕಷಾಯ ಕಾಯಿಸಿ ಅವಳ ಕೈಗಿಡುತ್ತಿದ್ದೆ, ಬಾಯಿ ಬಿಡುತ್ತಿರಲಿಲ್ಲ. ಭಾವ ಯಾಕೆ ನನ್ನನ್ನು ಹಿಡಿದುಕೊಡಲಿಲ್ಲ? ಎಂದಾದರೂ ಬೇಕಾಗುತ್ತದೆ ಎಂದು ನನ್ನ ಸುಳ್ಳನ್ನು ಎತ್ತಿಟ್ಟುಕೊಂಡಿದ್ದಾರೆ ಎಂಬ ಇನ್ನೊಂದು ಅನುಮಾನ ಅಲ್ಲಿಂದ ಶುರುವಾಯಿತು. ಬೇರೆ ಮನೆ ಮಾಡಿದೆ, ಮದುವೆಯಾದೆ, ಆ ಅನುಮಾನ ಹೋಗಲಿಲ್ಲ.

ಹೋದ ವಾರ ಕಾರು ಮತ್ತೆ ರಸ್ತೆಗೆ ಬಂದಾಗ ಹೇಳಿಬಿಟ್ಟೆ. "ಭಾವ, ಅವತ್ತು ಬಾಯ್ಲರ್ ಬೆಳಗ್ಗೇನೇ ನಿಂತಿತ್ತು."

ಯಾವತ್ತು ಎಂದು ಅವರು ಕೇಳಲಿಲ್ಲ. "ಗೊತ್ತಯ್ಯಾ. ಫೋನ್ ಮಾಡಿದ್ರೆ ಯಾರೋ ಇಂಗ್ಲಿಷಲ್ಲಿ ಮಾತಾಡ್ತಾರೆ ಅಂತ ಹೆದರಿರ್ತೀಯ ಅಂದ್ಕೊಂಡೆ. ಅವಳ ಮುಂದೆ ಆ ಮಾತು ಯಾಕೆ ಎತ್ತಲಿ ಅಂತ ಸುಮ್ನಾದೆ."

ಹೌದು ಎಂದುಬಿಡಬಹುದಿತ್ತು. ಅಷ್ಟು ಒಳ್ಳೆಯ ನೆಪ ನನಗೇ ಹೊಳೆದಿರಲಿಲ್ಲ. "ಹೆದರಿಕೆ ಅಲ್ಲ ಭಾವ. ನೀವೇ ಆಫ್ ಮಾಡಿ ಹೋಗಿದ್ದೀರಿ ಅಂದ್ಕೊಂಡೆ. ನನ್ನ ಓಡಿಸೋಕೆ."

ಭಾವ ಒಂದು ಸಿಗ್ನಲ್ ದಾಟಿಸಿದರು. ಆಮೇಲೆ ನಕ್ಕುಬಿಟ್ಟರು. "ಆಫ್ ಮಾಡಿರ್ಲಿಲ್ಲ ಕಣಯ್ಯಾ. ದಿನಾ ಇಳಿಸ್ತಿದ್ದೆ, ಅದು ನಿಜ. ಎಣ್ಣೆ ಉಳೀಲಿ ಅಂತ! ಮೇಲೆ ನಾವೂ ಸ್ವೆಟರ್ ಹಾಕ್ಕೊಂಡೇ ಮಲಗ್ತಿದ್ವಿ. ಬೇಕಾದ್ರೆ ನಿಮ್ಮಕ್ಕನ್ನ ಕೇಳು."

ನಂಬಬೇಕೋ ಬೇಡವೋ ಎಂದು, ಅಭ್ಯಾಸಬಲದಿಂದ, ಒಂದು ಕ್ಷಣ ತೂಗಿದೆ.

ಅವರ ಮನೆ ಬಂತು. ಬಾಗಿಲು ತೆಗೆದ ಅಕ್ಕನನ್ನು ನಾನು ಏನೂ ಕೇಳಲಿಲ್ಲ. ಮೆಟ್ಟಿಲ ಮೇಲೆಯೇ ನಿಂತು, ಬೆಳಗ್ಗೆಯಿಂದ ಸಂಜೆಯವರೆಗಿನ ಆ ದಿನವನ್ನು ಒಂದೂ ಬಿಡದೆ ಹೇಳಿದೆ. ಅವಳು ಬಾಗಿಲ ಚಿಲಕ ಹಿಡಿದುಕೊಂಡೇ ಪೂರ್ತಿ ಕೇಳಿದಳು.

"ಒಳಗೆ ಬಾ," ಎಂದಳು. "ಹೀಟ್ ಎಲ್ಲಾ ಹೊರಗೆ ಹೋಗ್ತಿದೆ."